ಕಲಿತ ಕೈಯನ್ನು ಬಿಡಿಸಿಕೊಳ್ಳುವುದು: ಕಲಾಶಾಲೆಯಿಂದ ಬಂದವರು ಕಲ್ಪನೆಯಿಂದ ಚಿತ್ರ ಬರೆಯಲು ಹನ್ನೆರಡು ವಾರಗಳ ಮಾರ್ಗದರ್ಶಿ

ಕಲಾಶಾಲೆಯಲ್ಲಿ ಐದು ವರ್ಷ ಓದಿದವರ ಮುಂದೆ ಒಂದು ತಾಮ್ರದ ಚೊಂಬು, ಎರಡು ಬದನೆಕಾಯಿ, ಮಡಿಕೆ ಬಿದ್ದ ಒಂದು ಬಟ್ಟೆ ಇಟ್ಟರೆ ಒಂದೂವರೆ ಗಂಟೆಯಲ್ಲಿ ಅಚ್ಚುಕಟ್ಟಾಗಿ ಬರೆದುಕೊಡುತ್ತಾರೆ. ಅದೇ ಮಂದಿಗೆ ‘ಎದುರಿಗೆ ಏನೂ ಇಲ್ಲ, ಮನಸ್ಸಿಗೆ ಬಂದದ್ದು ಬರೆಯಿರಿ’ ಎಂದರೆ ಕೈ ನಿಂತುಬಿಡುತ್ತದೆ. ಸ್ವಲ್ಪ ಹೊತ್ತಿಗೆ ಮೊಬೈಲ್ ಹೊರಗೆ ಬರುತ್ತದೆ, ಫೋಟೊ ಹುಡುಕುವ ಕೆಲಸ ಶುರುವಾಗುತ್ತದೆ. ‘ನನ್ನಲ್ಲಿ ಕಲ್ಪನೆಯೇ ಇಲ್ಲ’ ಎಂದುಕೊಳ್ಳುವವರು ಬಹಳ. ಆದರೆ ತೊಡಕು ಇರುವುದು ಬೇರೆ ಕಡೆ. ತರಬೇತಿ ಕೈಗೆ ಒಂದು ಕ್ರಮ ಹಾಕಿಕೊಟ್ಟಿದೆ: ಮೊದಲು ನೋಡು, ಅಳತೆ ತೆಗೆ, ಗೆರೆ ಎಳೆ, ತಪ್ಪಿದರೆ ಅಳಿಸು, ಕೊನೆಗೆ ಶೇಡಿಂಗ್ ಮಾಡು. ನೋಡಲು ಏನೂ ಇಲ್ಲದಾಗ ಮೊದಲ ಮೆಟ್ಟಿಲೇ ಇರುವುದಿಲ್ಲ. ಮಿಕ್ಕ ಮೆಟ್ಟಿಲು ಎಷ್ಟು ಗಟ್ಟಿಯಾಗಿದ್ದರೂ ಹತ್ತಲಾಗುವುದಿಲ್ಲ.

ಈ ಕ್ರಮ ನಮ್ಮಲ್ಲಿಗೆ ಬಂದದ್ದು ಬ್ರಿಟಿಷರ ಕಾಲದಲ್ಲಿ. ಮದ್ರಾಸಿನಲ್ಲಿ 1850, ಕಲ್ಕತ್ತೆಯಲ್ಲಿ 1854, ಮುಂಬೈಯಲ್ಲಿ 1857ರಲ್ಲಿ ಶುರುವಾದ ಕಲಾಶಾಲೆಗಳು ಲಂಡನ್ನಿನ ಪಠ್ಯಕ್ರಮದ ಜಾಡಿನಲ್ಲೇ ನಡೆದವು: ಅಚ್ಚಿನ ಚಿತ್ರ ನೋಡಿ ನಕಲು, ಪ್ಲಾಸ್ಟರ್ ಬೊಂಬೆ ನೋಡಿ ನಕಲು, ಆಮೇಲೆ ಜೀವಂತ ಮಾಡೆಲ್. ಇಂದಿಗೂ ಮೊದಲ ವರ್ಷದ ಬೆನ್ನೆಲುಬು ನೋಡಿ ಬರೆಯುವುದೇ. ಅದರಿಂದ ಸಿಗುವ ಕಸುಬು ದೊಡ್ಡದು, ಅದನ್ನು ಬಿಸಾಡುವ ಅಗತ್ಯ ಯಾರಿಗೂ ಇಲ್ಲ. ಈ ಮಾರ್ಗದರ್ಶಿ ಮಾಡುವುದು ಇಷ್ಟೇ: ಕಸುಬು ಕೆಲಸಕ್ಕೆ ಇಳಿಯುವ ಹೊತ್ತನ್ನು ಮೊದಲಿನಿಂದ ಕೊನೆಗೆ ತಳ್ಳುತ್ತದೆ. ದಿನಕ್ಕೆ ಒಂದು ಗಂಟೆ, ವಾರಕ್ಕೆ ಐದು ದಿನ ಸಾಕು. ಭಾನುವಾರ ಒಂದೇ ದಿನ ಐದು ಗಂಟೆ ಕೂತರೆ ಇದು ಆಗದು, ಏಕೆಂದರೆ ಹಳೆಯ ಅಭ್ಯಾಸ ಸೋಮವಾರದಿಂದ ಶನಿವಾರದೊಳಗೆ ಮತ್ತೆ ಕುದುರಿಕೊಳ್ಳುತ್ತದೆ.

ಮೊದಲು ಒಂದು ಸಂಜೆಯ ತಪಾಸಣೆ

ಹತ್ತು ಹಾಳೆ, ಒಂದು ಪೆನ್ಸಿಲ್, ಗಡಿಯಾರ ತೆಗೆದುಕೊಳ್ಳಿ. ಒಂದೊಂದಕ್ಕೂ ಮೂರು ನಿಮಿಷದಂತೆ, ನೆನಪಿನಿಂದಲೇ ಬರೆಯಿರಿ: ಎತ್ತು, ಬಾವಿ, ಮಲಗಿದ ಅಜ್ಜಿ, ಮಳೆ, ನಿಮ್ಮ ಅಡುಗೆಮನೆ, ಸೈಕಲ್ಲು, ಜಾತ್ರೆ, ಹಲಸಿನ ಮರ, ಜಗಳ, ಜ್ವರ. ಕೊನೆಯ ಎರಡಕ್ಕೆ ರೂಪವಿಲ್ಲ, ಬೇಕೆಂದೇ ಸೇರಿಸಿದ್ದು. ಹತ್ತೂ ಮುಗಿದ ಮೇಲೆ ನೆಲದ ಮೇಲೆ ಹರಡಿ, ಈ ಕೆಳಗಿನವು ಎಷ್ಟು ಹಾಳೆಗಳಲ್ಲಿ ಇವೆ ಎಂದು ಎಣಿಸಿ.

ಔಟ್‌ಲೈನ್ ಮೊದಲು ಬಂದಿದೆಯೆ? ವಸ್ತು ಹಾಳೆಯ ನಡುಮಧ್ಯೆ ಕೂತಿದೆಯೆ? ಬೆಳಕು ಯಾವಾಗಲೂ ಎಡ ಮೇಲ್ಮೂಲೆಯಿಂದಲೇ ಬಿದ್ದಿದೆಯೆ? ಸಣ್ಣ ಸಣ್ಣ ಗೆರೆ ಸೇರಿಸಿ ಒಂದು ಗೆರೆ ಮಾಡಿದ್ದೀರಾ? ನೆಲದ ಗೆರೆ ಪ್ರತಿ ಬಾರಿ ಒಂದೇ ಎತ್ತರದಲ್ಲಿದೆಯೆ? ಮುಖಗಳೆಲ್ಲ ಮುಕ್ಕಾಲು ತಿರುವಿನಲ್ಲಿ, ನೇರಕ್ಕೂ ಪಕ್ಕಕ್ಕೂ ನಡುವೆ, ಇವೆಯೆ? ಅಳಿಸಿದ್ದೀರಾ? ‘ಜಗಳ’ ಎಂದೊಡನೆ ಕೈ ಎತ್ತಿದ ಇಬ್ಬರು ಮನುಷ್ಯರನ್ನು, ‘ಜ್ವರ’ ಎಂದೊಡನೆ ಹಾಸಿಗೆಯನ್ನು ಬರೆದಿದ್ದೀರಾ?

ಏಳು ಅಥವಾ ಹೆಚ್ಚು ಹಾಳೆಗಳಲ್ಲಿ ಕಂಡದ್ದು ನಿಮ್ಮ ಗಟ್ಟಿ ಅಭ್ಯಾಸ. ಅಂಥವು ಐದಾರು ಇರುತ್ತವೆ. ಮೂರನ್ನು ಮಾತ್ರ ಆರಿಸಿ, ಒಂದು ಚೀಟಿಯಲ್ಲಿ ಬರೆದು ಕೆಲಸ ಮಾಡುವ ಗೋಡೆಗೆ ಅಂಟಿಸಿ. ಆರನ್ನೂ ಒಟ್ಟಿಗೆ ಬಿಡಲು ಹೊರಟರೆ ಮೂರನೇ ದಿನಕ್ಕೆ ಕೈ ಏನು ಮಾಡಬೇಕೆಂದು ತಿಳಿಯದೆ ಸೋಲುತ್ತದೆ. ಈ ಹತ್ತು ಹಾಳೆಗಳ ಹಿಂದೆ ತಾರೀಖು ಹಾಕಿ ಎತ್ತಿಡಿ; ಹನ್ನೆರಡನೇ ವಾರದಲ್ಲಿ ಬೇಕು.

ಸಾಮಾನು: ಅಗ್ಗದ್ದು, ಹೇರಳವಾಗಿ

ದುಬಾರಿ ಹಾಳೆ ಮುಂದಿದ್ದರೆ ಕೈ ತಾನಾಗಿಯೇ ಎಚ್ಚರಿಕೆಗೆ ಬೀಳುತ್ತದೆ. ಎಚ್ಚರಿಕೆಯ ಕೈ ಹಳೆಯ ದಾರಿಯನ್ನೇ ಹಿಡಿಯುತ್ತದೆ. ಹಾಗಾಗಿ ನ್ಯೂಸ್‌ಪ್ರಿಂಟ್ ಹಾಳೆ 300, ಸುಮಾರು 15×20 ಇಂಚಿನವು. ದೊಡ್ಡ ಊರುಗಳಲ್ಲಿ ಪೇಪರ್ ಅಂಗಡಿಯವರು ಕತ್ತರಿಸಿಯೇ ಕೊಡುತ್ತಾರೆ. ಡ್ರಾಯಿಂಗಿಗೆ ಬಳಸುವ ದಪ್ಪ ಕಾರ್ಟ್ರಿಜ್ ಶೀಟು, 22×30 ಇಂಚಿನದು, 20. ಇವುಗಳಲ್ಲಿ 12 ಶೀಟನ್ನು ನಾಲ್ಕು ನಾಲ್ಕಾಗಿ ಕತ್ತರಿಸಿದರೆ 11×15ರ 48 ತುಂಡು ಸಿಗುತ್ತವೆ. ಉಳಿದ ಎಂಟು ಕೊನೆಯ ವಾರಗಳಿಗೆ. ಕಪ್ಪು ಡ್ರಾಯಿಂಗ್ ಇಂಕ್ ಎರಡು ಬಾಟಲಿ. ಗೋಡೆಗೆ ಬಣ್ಣ ಹೊಡೆಯುವ ಒಂದು ಇಂಚು ಮತ್ತು ಎರಡು ಇಂಚಿನ ಬ್ರಷ್ಷು ಒಂದೊಂದು, ತೆಂಗಿನ ಗರಿಯ ಕಡ್ಡಿ ಒಂದು ಹಿಡಿ, ಕಪ್ಪು ಮೇಣದ ಕ್ರೇಯಾನ್ ನಾಲ್ಕು. ಪೋಸ್ಟರ್ ಕಲರಿನಲ್ಲಿ ಬಿಳಿ ಎರಡು ದೊಡ್ಡ ಬಾಟಲಿ; ಕಪ್ಪು, ಅಲ್ಟ್ರಾಮರೀನ್ ನೀಲಿ, ಕ್ರಿಮ್ಸನ್, ಲೆಮನ್ ಎಲ್ಲೋ ಒಂದೊಂದು. ಹಸಿರು ಬೇಡ. ಬಾಟಲಿಯಲ್ಲಿ ಹಸಿರು ಇದ್ದರೆ ಎಲೆಗೆ ಅದೇ ಹೋಗುತ್ತದೆ.

ಕೆಮ್ಮಣ್ಣಿನ ಬಣ್ಣವನ್ನು ಮನೆಯಲ್ಲೇ ಮಾಡಿಕೊಳ್ಳಿ. ಒಂದು ಸೇರಿನಷ್ಟು ಕೆಂಪು ಮಣ್ಣನ್ನು ಬಕೆಟ್ ನೀರಿಗೆ ಹಾಕಿ ಚೆನ್ನಾಗಿ ಕದಡಿ. ಒಂದು ನಿಮಿಷ ಬಿಡಿ. ಮರಳು ತಳಕ್ಕೆ ಇಳಿಯುತ್ತದೆ. ಮೇಲಿನ ಕೆಂಪು ನೀರನ್ನು ಹಳೆಯ ಪಂಚೆಯ ಬಟ್ಟೆಯಲ್ಲಿ ಸೋಸಿ ಇನ್ನೊಂದು ಪಾತ್ರೆಗೆ ಬಗ್ಗಿಸಿ ರಾತ್ರಿಯಿಡೀ ಇಡಿ. ಬೆಳಗ್ಗೆ ತಿಳಿನೀರು ಚೆಲ್ಲಿ, ಉಳಿದ ನುಣ್ಣನೆಯ ಗಸಿಯನ್ನು ಬಿಸಿಲಿಗೆ ಒಣಗಿಸಿ ಪುಡಿಮಾಡಿ. ಈ ಪುಡಿ ನಾಲ್ಕು ಚಮಚಕ್ಕೆ ಫೆವಿಕಾಲ್ ಒಂದು ಚಮಚ, ನೀರು ನಾಲ್ಕರಿಂದ ಐದು ಚಮಚ. ದೋಸೆಹಿಟ್ಟಿನ ಹದಕ್ಕೆ ಬರಬೇಕು. ಒಂದು ತುಂಡು ಕಾಗದಕ್ಕೆ ಬಳಿದು ಒಣಗಿದ ಮೇಲೆ ಬೆರಳಿನಿಂದ ಉಜ್ಜಿ ನೋಡಿ. ಬೆರಳಿಗೆ ಮಣ್ಣು ಹತ್ತಿದರೆ ಅಂಟು ಕಡಿಮೆ, ಅರ್ಧ ಚಮಚ ಸೇರಿಸಿ. ಪ್ಲಾಸ್ಟಿಕ್ಕಿನಂತೆ ಮಿಂಚಿದರೆ ಅಂಟು ಹೆಚ್ಚು. ಕಲಸಿದ್ದನ್ನು ಮುಚ್ಚಳ ಹಾಕಿಟ್ಟರೂ ಮೂರು ನಾಲ್ಕು ದಿನಕ್ಕಿಂತ ಇಡಬೇಡಿ.

ಪೆನ್ಸಿಲ್, ರಬ್ಬರ್, ಸ್ಕೇಲ್, ಸಣ್ಣ ಕುಂಚಗಳು ಒಂದು ಡಬ್ಬಕ್ಕೆ ಹೋಗಲಿ. ಡಬ್ಬ ಬೇರೆ ಕೋಣೆಯಲ್ಲಿರಲಿ.

1–2ನೇ ವಾರ: ತೋಳಿನಿಂದ ಗೆರೆ

ಅಳತೆಯ ಗೆರೆ ಮಣಿಕಟ್ಟಿನಿಂದ ಬರುತ್ತದೆ. ಮಣಿಕಟ್ಟನ್ನು ಕೆಲಸದಿಂದ ತೆಗೆದರೆ ಅಳತೆಯೂ ಹೋಗುತ್ತದೆ. ನ್ಯೂಸ್‌ಪ್ರಿಂಟ್ ಹಾಳೆಯನ್ನು ಗೋಡೆಗೆ ಎದೆಯ ಎತ್ತರದಲ್ಲಿ ಅಂಟಿಸಿ ನಿಂತು ಬರೆಯಿರಿ, ಇಲ್ಲವೇ ನೆಲಕ್ಕೆ ಹಾಸಿ ರಂಗೋಲಿ ಹಾಕುವವರ ಹಾಗೆ ಬಾಗಿ ಬರೆಯಿರಿ. ಮೊದಲ ವಾರ ಗರಿಕಡ್ಡಿ ಮತ್ತು ಇಂಕು. ಕಡ್ಡಿಯನ್ನು ತುದಿಯಲ್ಲಿ ಹಿಡಿಯಬೇಡಿ, ಹಿಂಭಾಗದಲ್ಲಿ, ಎಂಟು ಇಂಚು ದೂರದಲ್ಲಿ ಹಿಡಿಯಿರಿ. ಎರಡನೇ ವಾರ ಒಂದು ಇಂಚಿನ ಬ್ರಷ್ಷು.

ದಿನಕ್ಕೆ ಹತ್ತು ಹಾಳೆ. ಒಂದೊಂದು ಹಾಳೆಯಲ್ಲೂ ಕೈ ಎತ್ತದೆ ಒಂದೇ ಗೆರೆ. ಇಂಕು ಮುಗಿದಾಗ ಮಾತ್ರ ಅದ್ದಲು ಕೈ ಎತ್ತಬಹುದು, ಮತ್ತೆ ನಿಂತ ಜಾಗದಿಂದಲೇ ಮುಂದುವರಿಯಬೇಕು. ಎಲ್ಲಿಗೆ ಹೋಗುತ್ತದೆಂದು ಮೊದಲೇ ತೀರ್ಮಾನಿಸಬೇಡಿ. ಗೆರೆ ತನ್ನನ್ನೇ ಕತ್ತರಿಸಿಕೊಂಡಾಗ ಹುಟ್ಟುವ ಮುಚ್ಚಿದ ಜಾಗಗಳಲ್ಲಿ ಎರಡನ್ನು ಮಾತ್ರ ಕಪ್ಪು ತುಂಬಿ. ಯಾವ ಎರಡು ಎಂಬುದೇ ಆ ಹಾಳೆಯಲ್ಲಿ ನೀವು ಮಾಡುವ ಏಕೈಕ ಆಯ್ಕೆ. ಈ ಚಿಕ್ಕ ಆಯ್ಕೆಯ ಮೇಲೆ ಮುಂದಿನದೆಲ್ಲ ನಿಂತಿದೆ: ‘ಸರಿಯೆ?’ ಎಂದು ಕೇಳುತ್ತಿದ್ದ ಕಣ್ಣು ಇಲ್ಲಿ ಮೊದಲ ಸಲ ‘ಯಾವುದು ಬೇಕು?’ ಎಂದು ಕೇಳಿಕೊಳ್ಳುತ್ತದೆ.

ಎಡಗೈಯಲ್ಲಿ ಬರೆಯುವ ಸಲಹೆ ಎಲ್ಲ ಕಡೆ ಸಿಗುತ್ತದೆ. ದಿನಕ್ಕೆ ಹತ್ತು ನಿಮಿಷ, ಅದೂ ಬಿಸಿಯೇರಿಸಿಕೊಳ್ಳಲು ಮಾತ್ರ ಮಾಡಿ. ಹೆಚ್ಚು ಮಾಡಿದರೆ ನಡುಗುವ ಗೆರೆಯೇ ಒಂದು ಶೈಲಿಯಾಗಿ ಅಂಟಿಕೊಳ್ಳುತ್ತದೆ. ಒಂದು ಅಭ್ಯಾಸ ಬಿಡಿಸಲು ಹೋಗಿ ಇನ್ನೊಂದನ್ನು ತಂದುಕೊಂಡ ಹಾಗಾಗುತ್ತದೆ.

3–5ನೇ ವಾರ: ಕಲೆಯಿಂದ ಕಲೆ

ಬಟ್ಟೆಗೆ ಬಿದ್ದದ್ದಕ್ಕೂ ಕಲೆ ಎನ್ನುತ್ತೇವೆ, ಗೋಡೆಗೆ ತೂಗುಹಾಕಿದ್ದಕ್ಕೂ ಕಲೆ ಎನ್ನುತ್ತೇವೆ. ಈ ಮೂರು ವಾರ ಮೊದಲನೆಯದರಿಂದ ಎರಡನೆಯದಕ್ಕೆ ಹೋಗುವ ದಾರಿ. ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಮಾಡಲು ಸಮಯವಿದೆ ಎನ್ನುವವರು ಇದನ್ನೇ ಮಾಡಲಿ.

ದಾರಿ ಹೊಸದೇನಲ್ಲ. ಕಲೆ ಹಿಡಿದ ಗೋಡೆಯನ್ನು ದಿಟ್ಟಿಸಿದರೆ ಬೆಟ್ಟ, ನದಿ, ಯುದ್ಧ ಕಾಣುತ್ತವೆಂದು ಲಿಯೊನಾರ್ಡೊ ಡಾ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಚಿತ್ರಕಾರರಿಗೆ ಹೇಳಿದ್ದ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಅಲೆಕ್ಸಾಂಡರ್ ಕೊಜೆನ್ಸ್ ಇಂಕಿನ ಕಲೆಗಳಿಂದ ಭೂದೃಶ್ಯ ಕಟ್ಟುವುದನ್ನು ಒಂದು ಪದ್ಧತಿಯಾಗಿಯೇ ಕಲಿಸಿದ. ಜರ್ಮನ್ ಚಿತ್ರಕಾರ ಮ್ಯಾಕ್ಸ್ ಅರ್ನ್‌ಸ್ಟ್ 1925ರಲ್ಲಿ ಮರದ ನೆಲಹಾಸಿನ ಮೇಲೆ ಕಾಗದವಿಟ್ಟು ಉಜ್ಜಿ, ಮೂಡಿದ ಎಳೆಗಳಿಂದ ಕಾಡು, ಹಕ್ಕಿಗಳನ್ನು ಎಬ್ಬಿಸಿದ. ನಮಗೆ ಹತ್ತಿರದ ಉದಾಹರಣೆ ರವೀಂದ್ರನಾಥ ಟ್ಯಾಗೋರರದು. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಪದಗಳನ್ನು ಒಂದಕ್ಕೊಂದು ಜೋಡಿಸುತ್ತ ಹೋದಾಗ ಅವು ವಿಚಿತ್ರ ಪ್ರಾಣಿಗಳಾದವು. 1924ರ ಸುಮಾರಿನ ‘ಪೂರಬಿ’ ಕವನ ಸಂಕಲನದ ಹಸ್ತಪ್ರತಿಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಚಿತ್ರಕಲೆಯ ಶಿಕ್ಷಣವಿಲ್ಲದೆ, ಅರವತ್ತು ದಾಟಿದ ಮೇಲೆ ಚಿತ್ರಕ್ಕೆ ಕೈಹಾಕಿದ ಅವರ ಪ್ರದರ್ಶನ 1930ರಲ್ಲಿ ಪ್ಯಾರಿಸಿನಲ್ಲಿ ನಡೆಯಿತು. ಅವರಿಗೆ ಮರೆಯಬೇಕಾದ ಕ್ರಮ ಇರಲೇ ಇಲ್ಲ. ನಾವು ಅದನ್ನು ಕಟ್ಟಿಹಾಕಿ ಅದೇ ಜಾಗಕ್ಕೆ ಹೋಗಬೇಕು.

ಮೂರನೇ ವಾರ ಕಲೆ ಮಾಡುವುದಷ್ಟೇ ಕೆಲಸ. ಏನನ್ನೂ ಹುಡುಕಬೇಡಿ. ಮೂರು ವಿಧಾನದಲ್ಲಿ, ಒಂದೊಂದರಲ್ಲಿ ಹತ್ತರಂತೆ ಮೂವತ್ತು ಹಾಳೆ.

ಒಂದು, ಚೆಲ್ಲುವುದು. 11×15ರ ತುಂಡಿಗೆ ಎರಡು ಇಂಚಿನ ಬ್ರಷ್ಷಿನಿಂದ ಎರಡೂ ಬದಿ ನೀರು ಬಳಿದು ಬೋರ್ಡಿನ ಮೇಲೆ ಹಾಸಿ. ನೀರಿನ ಮಿನುಗು ಹೋಗಿ ತೇವ ಮಾತ್ರ ಉಳಿಯುವವರೆಗೆ ಕಾಯಿರಿ. ಮಳೆಗಾಲದಲ್ಲಿ ಇದಕ್ಕೆ ಹೆಚ್ಚು ಹೊತ್ತು ಬೇಕು. ಅರ್ಧ ಲೋಟ ನೀರಿಗೆ ಒಂದು ಚಮಚ ಇಂಕು ಕಲಸಿ, ಚಮಚದಿಂದ ಒಂದು ಅಡಿ ಮೇಲಿಂದ ಮೂರು ಕಡೆ ಬಿಡಿ. ಬೋರ್ಡನ್ನು ಎತ್ತಿ ಓರೆ ಮಾಡಿ, ಮೂರು ಸಲ ಮಾತ್ರ. ಮಿನುಗು ಇರುವಾಗಲೇ ಚೆಲ್ಲಿದರೆ ಎಲ್ಲ ಒಂದೇ ಬೂದಿಬಣ್ಣವಾಗುತ್ತದೆ; ಪೂರ್ತಿ ಒಣಗಿದ ಮೇಲೆ ಚೆಲ್ಲಿದರೆ ಅಂಚು ಗಟ್ಟಿಯಾದ ಗುಂಡು ಚುಕ್ಕೆಗಳಾಗುತ್ತವೆ. ಈ ಎರಡರ ನಡುವೆ, ಒಂದು ಕಡೆ ಕರಗಿ ಇನ್ನೊಂದು ಕಡೆ ನಿಂತ ಕಲೆಯಲ್ಲೇ ಹೆಚ್ಚು ಸಿಗುತ್ತದೆ.

ಎರಡು, ಒತ್ತಿ ಎತ್ತುವುದು. ಗಾಜಿನ ತುಂಡು ಅಥವಾ ದಪ್ಪ ಪ್ಲಾಸ್ಟಿಕ್ ಹಾಳೆಯ ಮೇಲೆ ಎರಡು ಚಮಚ ಕೆಮ್ಮಣ್ಣಿನ ಬಣ್ಣ ಹರಡಿ. ಗಟ್ಟಿಮೊಸರಿನ ಹದ ಇರಲಿ. ಒಣ ಹಾಳೆಯನ್ನು ಅದರ ಮೇಲಿಟ್ಟು ಅಂಗೈಯಿಂದ ಒತ್ತಿ, ಒಂದು ಮೂಲೆ ಹಿಡಿದು ನಿಧಾನವಾಗಿ ಎತ್ತಿ. ಬೇರು, ಹಾವಸೆ, ಹವಳದಂಥ ಕವಲುಗಳು ಏಳುತ್ತವೆ. ನೀರು ಹೆಚ್ಚಾದರೆ ಕವಲು ಬರುವುದಿಲ್ಲ, ಬರೀ ರಾಡಿಯಾಗುತ್ತದೆ. ಸರ್ರನೆ ಎಳೆದರೂ ಅಷ್ಟೆ.

ಮೂರು, ಉಜ್ಜುವುದು. ಒರಳುಕಲ್ಲು, ಈಚಲು ಚಾಪೆ, ಮೊರ, ಹಳೆಯ ಬಾಗಿಲು, ಹಲಸಿನ ಕಾಯಿ. ಯಾವುದರ ಮೇಲಾದರೂ ನ್ಯೂಸ್‌ಪ್ರಿಂಟ್ ಇಟ್ಟು, ಕ್ರೇಯಾನನ್ನು ಅಡ್ಡ ಮಲಗಿಸಿ ಉಜ್ಜಿ. ಅರ್ಧಕ್ಕೆ ಹಾಳೆ ಸರಿಸಿ ಮತ್ತೆ ಉಜ್ಜಿದರೆ ಎರಡು ಎಳೆ ಒಂದರ ಮೇಲೊಂದು ಬರುತ್ತವೆ. ಮೇಣವಿದ್ದ ಕಡೆ ನೀರಿನ ಬಣ್ಣ ಹತ್ತುವುದಿಲ್ಲ, ಅದನ್ನು ಮುಂದೆ ಉಪಯೋಗಿಸಿಕೊಳ್ಳಬಹುದು.

ನಾಲ್ಕನೇ ವಾರ ಕಾಣುವ ಕೆಲಸ. ದಿನಕ್ಕೆ ಮೂರು ಹಾಳೆ. ಗೋಡೆಗೆ ಅಂಟಿಸಿ ಆರು ಅಡಿ ದೂರ ನಿಂತು ಎರಡು ನಿಮಿಷ ನೋಡಿ; ತಿರುಗಿಸಿ, ಮತ್ತೆ ಎರಡು ನಿಮಿಷ; ಹೀಗೆ ನಾಲ್ಕೂ ದಿಕ್ಕು. ಕಂಡದ್ದರ ಹೆಸರನ್ನು ಹಿಂದೆ ಬರೆಯಿರಿ. ಮೊದಲ ಎರಡು ಹೆಸರು ಹೊಡೆದುಹಾಕಿ, ಮೂರನೆಯದನ್ನು ಅಥವಾ ಆಮೇಲಿನದನ್ನು ಇಟ್ಟುಕೊಳ್ಳಿ. ಏಕೆಂದರೆ ಮೊದಲು ಕಾಣುವುದು ಎಲ್ಲರಿಗೂ ಕಾಣುವುದೇ: ಮುಖ, ಹಕ್ಕಿ, ಆನೆ. ಮನುಷ್ಯನ ಕಣ್ಣು ಎರಡು ಚುಕ್ಕೆಯ ಕೆಳಗೆ ಒಂದು ಗೆರೆ ಸಿಕ್ಕರೆ ಸಾಕು, ಮುಖ ಎಂದುಬಿಡುತ್ತದೆ. ಈ ವಾರ ಮುಖಕ್ಕೂ ಹಕ್ಕಿಗೂ ಪೂರ್ತಿ ಬಹಿಷ್ಕಾರ ಹಾಕಿ. ‘ಹಿತ್ತಿಲಲ್ಲಿ ಯಾರೋ ಬಟ್ಟೆ ಮರೆತು ಹೋಗಿದ್ದಾರೆ’, ‘ನೀರಿನ ಕೆಳಗೆ ಮೆಟ್ಟಿಲು’ ಎಂಬಂಥ, ಒಂದು ಪದಕ್ಕಿಂತ ಉದ್ದನೆಯ ಹೆಸರು ಬಂದರೆ ಆ ಹಾಳೆ ಕೆಲಸಕ್ಕೆ ಬಂತೆಂದೇ ತಿಳಿಯಿರಿ.

ಐದನೇ ವಾರ ಎಬ್ಬಿಸುವುದು. ಕಲಾಶಾಲೆಯ ಕೈ ಇಲ್ಲೇ ಹೆಚ್ಚು ಕೆಡಿಸುತ್ತದೆ: ಕಂಡ ಆಕೃತಿಯ ಸುತ್ತ ಒಂದು ಔಟ್‌ಲೈನ್ ಎಳೆದು, ಒಳಗೆ ಶೇಡಿಂಗ್ ಮಾಡಿ, ಕಲೆಯನ್ನು ಕೊಂದುಹಾಕುತ್ತದೆ. ಕಂಡದ್ದನ್ನು ಬರೆಯಬೇಡಿ, ಬೇಡದ್ದನ್ನು ಮುಚ್ಚಿ. ಬಿಳಿ ಪೋಸ್ಟರ್ ಕಲರಿಗೆ ಚೂರು ಕೆಮ್ಮಣ್ಣು ಸೇರಿಸಿ ಗಟ್ಟಿಯಾಗಿ ಕಲಸಿ, ಆಕೃತಿಯ ಹೊರಗಿನ ಜಾಗಕ್ಕೆ ಬಳಿಯುತ್ತ ಬನ್ನಿ. ಆಕೃತಿ ತಾನಾಗಿ ಉಳಿಯುತ್ತದೆ, ಅದರ ಒಳಗಿನ ಹರಿವು, ಕವಲು, ಎಳೆ ಮುಟ್ಟದ ಹಾಗೆ ಇರುತ್ತವೆ. ಕೊನೆಗೆ ಕಪ್ಪಿನಲ್ಲಿ ಮೂರು ಕಡೆ ಮಾತ್ರ ಮುಟ್ಟಬಹುದು. ಕಲೆಯ ಅರ್ಧದಷ್ಟಾದರೂ ಮುಟ್ಟದೆ ಉಳಿದಿರಬೇಕು. ಇಲ್ಲದಿದ್ದರೆ ಹಾಳೆ ನಿಮ್ಮ ಹಳೆಯ ಚಿತ್ರಕ್ಕೆ ಹಿನ್ನೆಲೆ ಆಯಿತೆಂದೇ ಅರ್ಥ.

6–7ನೇ ವಾರ: ಮೂರು ದಿನದ ನೆನಪು

ನೆನಪಿನಿಂದ ಬರೆಯುವುದನ್ನು ಕಲಾಶಾಲೆಯ ಒಳಗೇ ಪಾಠವಾಗಿ ತಂದವನು ಪ್ಯಾರಿಸಿನ ಮೇಷ್ಟ್ರು ಲೆಕೊಕ್ ದ ಬುವಾಬೋದ್ರಾನ್, 19ನೇ ಶತಮಾನದಲ್ಲಿ. ಶಿಲ್ಪಿ ರೊದ್ಯಾಂ ಅವನ ಶಿಷ್ಯರಲ್ಲೊಬ್ಬ. ಶಾಂತಿನಿಕೇತನದ ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿ 1950ರ ದಶಕದಲ್ಲಿ ಪೂರ್ತಿ ದೃಷ್ಟಿ ಕಳೆದುಕೊಂಡ ಮೇಲೂ ಕಾಗದ ಕತ್ತರಿಸಿ ಅಂಟಿಸಿ ಚಿತ್ರ ಮಾಡುತ್ತ ಹೋದರು. ಒಳಗೆ ಶೇಖರವಾದದ್ದು ಎಷ್ಟು ಕಾಲ ಬರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ವಾರದ ಸಂತೆಗೋ ಬಸ್ ನಿಲ್ದಾಣಕ್ಕೋ ಹೋಗಿ. ಹತ್ತು ನಿಮಿಷ ಒಂದೇ ಕಡೆ ನಿಲ್ಲಿ. ಸ್ಕೆಚ್ ಪುಸ್ತಕ ಬೇಡ, ಫೋಟೊ ಬೇಡವೇ ಬೇಡ. ಮೂರನ್ನು ಮನಸ್ಸಿಗೆ ಮೊಳೆ ಹೊಡೆದುಕೊಳ್ಳಿ: ಒಂದು ದೊಡ್ಡ ಆಕಾರ, ಎರಡು ವಸ್ತುಗಳ ನಡುವಿನ ಒಂದು ಖಾಲಿ ಜಾಗ, ಒಂದು ಚಲನೆ. ಮನೆಗೆ ಬಂದು ಎರಡು ಗಂಟೆ ಬೇರೆ ಕೆಲಸ ಮಾಡಿ, ಆಮೇಲೆ ಬ್ರಷ್ಷಿನಲ್ಲಿ ಹದಿನೈದು ನಿಮಿಷದ ಚಿತ್ರ. ಹಾಳೆಯನ್ನು ಮಗುಚಿಡಿ. ಮರುದಿನ ಅದನ್ನು ನೋಡದೆ ಅದೇ ದೃಶ್ಯ ಮತ್ತೆ ಬರೆಯಿರಿ. ಮೂರನೇ ದಿನ ಮತ್ತೆ.

ನಾಲ್ಕನೇ ದಿನ ಮೂರನ್ನೂ ಪಕ್ಕಪಕ್ಕ ಇಡಿ. ಮೊದಲ ದಿನದ್ದು ವರದಿಯಂತಿರುತ್ತದೆ. ಮೂರನೆಯದರಲ್ಲಿ ಏನೋ ಬೆಳೆದಿರುತ್ತದೆ: ಸೊಪ್ಪಿನ ಬುಟ್ಟಿ ಹೊತ್ತವಳಿಗಿಂತ ದೊಡ್ಡದಾಗಿದೆ, ಕೊಡೆಗಳು ಸೇರಿ ಒಂದೇ ಸೂರಾಗಿದೆ, ತಕ್ಕಡಿ ಮಾತ್ರ ಉಳಿದು ಅದನ್ನು ಹಿಡಿದವನು ಮಾಯವಾಗಿದ್ದಾನೆ. ಹೀಗೆ ಬೆಳೆದದ್ದನ್ನು ಹಾಗೇ ಹಿಡಿದು, ಅದನ್ನೇ ವಿಷಯ ಮಾಡಿ ಐದನೇ ದಿನ ಒಂದು ಚಿತ್ರ ಮಾಡಿ. ಏಳನೇ ವಾರದಲ್ಲಿ ಎರಡು ಬೇರೆ ನೆನಪುಗಳನ್ನು ಒಂದೇ ಹಾಳೆಗೆ ತನ್ನಿ, ಒಂದು ಈ ವಾರದ್ದು, ಇನ್ನೊಂದು ಹತ್ತು ವರ್ಷದೊಳಗಿನ ವಯಸ್ಸಿನದು.

ಇಲ್ಲಿ ಕೆಡುವುದು ಹೀಗೆ: ನೆನಪು ತೂತುಬಿದ್ದ ಕಡೆಗೆ ಕಲಾಶಾಲೆಯ ಸಿದ್ಧ ಸಾಮಾನು ಬಂದು ಕೂರುತ್ತದೆ. ತಲೆಯ ಏಳೂವರೆ ಪಟ್ಟು ಎತ್ತರದ ದೇಹ, ಬಾದಾಮಿ ಕಣ್ಣು, ಮಾಡೆಲ್ ಕೂತ ಭಂಗಿ. ನೆನಪಿಲ್ಲದ ಜಾಗವನ್ನು ಖಾಲಿ ಬಿಡಿ. ಮುಖ ನೆನಪಿಲ್ಲವೆ, ಮುಖವಿಲ್ಲದೆಯೇ ಇರಲಿ.

8–9ನೇ ವಾರ: ಪರ್ಸ್ಪೆಕ್ಟಿವ್ ಇಲ್ಲದ ಅಂಗಳ

ದೂರದ್ದು ಚಿಕ್ಕದು, ಹತ್ತಿರದ್ದು ದೊಡ್ಡದು ಎಂಬ ಪರ್ಸ್ಪೆಕ್ಟಿವ್ ನಿಯಮ ಒಬ್ಬ ಮನುಷ್ಯ ಒಂದೇ ಕಡೆ, ಒಂದೇ ಕ್ಷಣ ನಿಂತಾಗಿನ ಸತ್ಯ. ನೆನಪು, ಕನಸು, ಕಥೆ ಹಾಗೆ ನಿಲ್ಲುವುದಿಲ್ಲ. ಜಾಗವನ್ನು ಬೇರೆ ರೀತಿ ಕಟ್ಟಿದ ಚಿತ್ರಗಳು ನಮ್ಮ ಸುತ್ತಲೇ ಇವೆ, ಹೋಗಿ ನೋಡಬಹುದು. ತೊಗಲುಗೊಂಬೆಯಲ್ಲಿ ರಾಜ, ದೇವರು ದೊಡ್ಡ ಗೊಂಬೆ, ಸೇವಕ ಚಿಕ್ಕದು. ಅಳತೆ ನಿಂತಿರುವುದು ದೂರದ ಮೇಲಲ್ಲ, ಅಂತಸ್ತಿನ ಮೇಲೆ. ಮುಖ ಪಕ್ಕಕ್ಕೆ, ಎದೆ ನಮ್ಮ ಕಡೆಗೆ. ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಛತ್ತಿನಲ್ಲಿ ಪಲ್ಲಕ್ಕಿಯ ಮೆರವಣಿಗೆ, ಗಿರಿಜಾ ಕಲ್ಯಾಣ, ಅರ್ಜುನನ ಮತ್ಸ್ಯಯಂತ್ರ ಪಟ್ಟಿಪಟ್ಟಿಯಾಗಿ ಸಾಗುತ್ತವೆ. ಕತ್ತೆತ್ತಿ ನಡೆಯುತ್ತ ಓದಬೇಕಾದ ಚಿತ್ರವದು. ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರದಲ್ಲಿ ಮದುವೆ ಮನೆ, ದಂಡಿಗೆ, ಗದ್ದೆ ಎಲ್ಲ ಗೆರೆಗಳ ನೇಯ್ಗೆಯಾಗಿ, ನೆರಳಿಲ್ಲದೆ, ದಿಗಂತವಿಲ್ಲದೆ ನಿಲ್ಲುತ್ತವೆ. ಕೆಮ್ಮಣ್ಣು ಸಾರಿಸಿದ ಗೋಡೆಗೆ ಅಕ್ಕಿಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಅಷ್ಟರಲ್ಲೇ ಎಲ್ಲ.

ಕಲಾಶಾಲೆಯಿಂದ ಹೊರಟು ಈ ದಾರಿ ಹಿಡಿದವರಲ್ಲಿ ಜಾಮಿನಿ ರಾಯ್ (1887–1972) ಅವರನ್ನು ಗಮನವಿಟ್ಟು ನೋಡಬೇಕು. ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯಲ್ಲಿ ಪಾಶ್ಚಾತ್ಯ ಶೈಲಿ ಕಲಿತು, ಭಾವಚಿತ್ರ ಬರೆದು ಜೀವನ ಮಾಡುತ್ತಿದ್ದವರು, 1920ರ ದಶಕದಲ್ಲಿ ಅದನ್ನು ಬಿಟ್ಟು ಬಂಗಾಳದ ಜನಪದ ಪಟಚಿತ್ರಗಳ ಕಡೆ ತಿರುಗಿದರು. ಒಂದೇ ಸಲ ಎಲ್ಲವನ್ನೂ ಬಿಡಲಿಲ್ಲ. ಮೊದಲು ಶೇಡಿಂಗ್ ಹೋಯಿತು, ಗೆರೆ ದಪ್ಪವಾಯಿತು. ಬಣ್ಣ ಕೆಲವೇ ಆದವು, ಅವೂ ಮಣ್ಣು, ಖನಿಜ, ದೀಪದ ಮಸಿಯಂಥವು, ಅಂಟಿಗೆ ಹುಣಸೆಬೀಜ. ಎಣ್ಣೆಬಣ್ಣದ ಮೃದುವಾದ ಬೆಸುಗೆಗೆ ಆಸ್ಪದವೇ ಇಲ್ಲದಂತೆ ಸಾಮಾನನ್ನೇ ಬದಲಿಸಿಕೊಂಡದ್ದು ಅವರಿಂದ ಕಲಿಯಬೇಕಾದ ಮುಖ್ಯ ಸಂಗತಿ.

ಅಭ್ಯಾಸ: ನೀವು ಬೆಳೆದ ಮನೆಯನ್ನು ತೆಗೆದುಕೊಳ್ಳಿ. ಅಂಗಳವನ್ನು ಮೇಲಿನಿಂದ ಕಂಡಂತೆ, ನಕ್ಷೆಯ ಹಾಗೆ ಹಾಕಿ. ಅದೇ ಹಾಳೆಯಲ್ಲಿ ಗೋಡೆಗಳನ್ನು ನಾಲ್ಕು ಕಡೆಗೆ ಮಗುಚಿ, ಪಕ್ಕದಿಂದ ಕಂಡಂತೆ. ಜನರನ್ನು ಅವರು ನಿಮಗೆ ಎಷ್ಟು ಮುಖ್ಯವೋ ಅಷ್ಟು ದೊಡ್ಡದಾಗಿ ಬರೆಯಿರಿ. ಅಜ್ಜಿ ಬಾಗಿಲಿಗಿಂತ ಎತ್ತರವಾದರೆ ಆಗಲಿ. ಒಬ್ಬರೇ ಮೂರು ಹೊತ್ತಿನಲ್ಲಿ ಮೂರು ಕಡೆ ಬರಬಹುದು. ಒಂದರ ಹಿಂದೆ ಒಂದು ಅಡಗಿಸಬೇಡಿ, ಎಲ್ಲವೂ ಪೂರ್ತಿ ಕಾಣಲಿ. ಅರ್ಧಂಬರ್ಧ ಮಾಡಬೇಡಿ: ನಕ್ಷೆಯಂಥ ಅಂಗಳದಲ್ಲಿ ಒಂದೇ ಒಂದು ಕುರ್ಚಿ ಪರ್ಸ್ಪೆಕ್ಟಿವ್‌ನಲ್ಲಿ ಬಂದರೂ ಉಳಿದದ್ದೆಲ್ಲ ತಪ್ಪಾಗಿ ಬರೆದಂತೆ ಕಾಣುತ್ತದೆ. ದಿನಕ್ಕೊಂದು ಚಿತ್ರ, ಎರಡು ವಾರ.

ಒಂದು ಮಾತು. ಚಿತ್ತಾರದ ಅಂಚನ್ನೋ ಮಹಾರಾಷ್ಟ್ರದ ವಾರ್ಲಿ ಗೋಡೆಚಿತ್ರದ ಮನುಷ್ಯರನ್ನೋ ಎತ್ತಿ ತಂದು ನಿಮ್ಮ ಚಿತ್ರದಲ್ಲಿ ಅಂಟಿಸಬೇಡಿ. ಅದು ಇನ್ನೊಬ್ಬರ ಮನೆಯ ಮದುವೆಯ ಗೋಡೆ; ಅಲ್ಲಿ ಆ ಗೆರೆಗೆ ಇರುವ ಕಾರಣ ನಿಮ್ಮ ಹಾಳೆಯಲ್ಲಿ ಇಲ್ಲ. ಜಾಗವನ್ನು ಹೇಗೆ ಕಟ್ಟಿದ್ದಾರೆ ಎಂಬ ಯೋಚನೆಯನ್ನು ಕಲಿಯಿರಿ, ಆಕಾರಗಳನ್ನು ಅವರಿಗೇ ಬಿಡಿ.

10ನೇ ವಾರ: ಬಣ್ಣ

ಬೇಗ ಮುಗಿಯುವ ಹಂತವಿದು, ಏಕೆಂದರೆ ನಿಮ್ಮ ತರಬೇತಿ ಇಲ್ಲಿ ನೆರವಿಗೆ ಬರುತ್ತದೆ. ಹಿಂದಿನ ವಾರದ ಒಂದು ಅಂಗಳದ ಚಿತ್ರ ಆರಿಸಿ. ಬಣ್ಣಗಳ ಹೆಸರು ಚೀಟಿಯಲ್ಲಿ ಬರೆದು ಕಣ್ಣುಮುಚ್ಚಿ ಎರಡು ಎತ್ತಿ. ಅವುಗಳ ಜೊತೆ ಬಿಳಿ ಮತ್ತು ಕೆಮ್ಮಣ್ಣು. ಆ ನಾಲ್ಕರಲ್ಲೇ ಇಡೀ ಚಿತ್ರ. ನಿಯಮ ಒಂದೇ: ಕತ್ತಲು ಇದ್ದ ಕಡೆ ಕತ್ತಲಿನ ಬಣ್ಣ, ಬೆಳಕು ಇದ್ದ ಕಡೆ ಬೆಳಕಿನ ಬಣ್ಣ ಇರಲಿ, ಬಣ್ಣ ಯಾವುದಾದರೂ ಆಗಲಿ. ಟೋನ್, ಅಂದರೆ ಕತ್ತಲು ಬೆಳಕಿನ ಪ್ರಮಾಣ, ಸರಿಯಿದ್ದರೆ ಕ್ರಿಮ್ಸನ್ ಮರವನ್ನೂ ಕಣ್ಣು ಮರವೆಂದೇ ಒಪ್ಪುತ್ತದೆ. ನಂಬಿಕೆ ಬಾರದಿದ್ದರೆ ಮೊಬೈಲಿನಲ್ಲಿ ಕಪ್ಪುಬಿಳುಪಿನಲ್ಲಿ ಫೋಟೊ ತೆಗೆದು ನೋಡಿ. ಮೂರು ಚಿತ್ರ ಹೀಗೆ ಮಾಡಿದ ಮೇಲೆ ನಾಲ್ಕನೆಯದರಲ್ಲಿ ಟೋನನ್ನೂ ಮುರಿಯಿರಿ.

ಬಣ್ಣ ಕೆಸರಾದರೆ, ಪ್ಯಾಲೆಟ್ಟಿನಲ್ಲಿ ಮೂರು ನಾಲ್ಕು ಬಣ್ಣ ಒಟ್ಟಿಗೆ ಕಲಸಿದ್ದೀರಿ ಇಲ್ಲವೇ ನೀರಿನ ಲೋಟ ಬದಲಿಸಿಲ್ಲ. ಎರಡೇ ಲೋಟ ಇಡಿ, ಒಂದು ತೊಳೆಯಲು, ಒಂದು ಕಲಸಲು. ಎಲ್ಲ ಬಣ್ಣವೂ ಸೀಮೆಸುಣ್ಣದಂತೆ ಪೇಲವವಾದರೆ ಎಲ್ಲದಕ್ಕೂ ಬಿಳಿ ಸೇರಿಸಿದ್ದೇ ಕಾರಣ. ಕನಿಷ್ಠ ಒಂದು ಬಣ್ಣವನ್ನು ಬಾಟಲಿಯಿಂದ ಬಂದಂತೆಯೇ ಹಚ್ಚಿ.

11–12ನೇ ವಾರ: ಕಸುಬು ವಾಪಸು ಬರುವ ಹೊತ್ತು

ಇಷ್ಟು ದಿನದ ಹಾಳೆಗಳನ್ನೆಲ್ಲ ನೆಲಕ್ಕೆ ಹಾಸಿ. ಮೂರು ಆರಿಸಿ. ‘ಚೆನ್ನಾಗಿ ಬಂದದ್ದು’ ಬೇಡ. ನೋಡಿದಾಗ ‘ಇದನ್ನು ನಾನು ಬರೆದೆನೆ?’ ಎನಿಸುವಂಥದು ಬೇಕು. ಆ ಮೂರನ್ನು ಎರಡು ದಿನ ಗೋಡೆಯ ಮೇಲೆ ಬಿಡಿ, ಆಮೇಲೆ ಮಗುಚಿಡಿ.

ಈಗ 22×30ರ ದೊಡ್ಡ ಹಾಳೆ. ಚಿಕ್ಕ ಚಿತ್ರವನ್ನು ಚೌಕ ಹಾಕಿ ದೊಡ್ಡದು ಮಾಡಬೇಡಿ. ಚೌಕ ಹಾಕಿದ ಕೂಡಲೇ ಅದು ಎದುರಿಗಿಟ್ಟ ಸ್ಟಿಲ್ ಲೈಫ್ ಆಗಿಬಿಡುತ್ತದೆ, ಕೈ ನಕಲಿಗೆ ಇಳಿಯುತ್ತದೆ. ಜೊತೆಗೆ ಚಿಕ್ಕ ಹಾಳೆಯಲ್ಲಿ ಒಂದೇ ಬೀಸಿಗೆ ಬಂದ ಗೆರೆ ದೊಡ್ಡದರಲ್ಲಿ ನಾಲ್ಕು ತುಂಡಾಗಿ ಸಾಯುತ್ತದೆ. ಚಿತ್ರ ದೊಡ್ಡದಾದಷ್ಟೇ ಬ್ರಷ್ಷೂ ದೊಡ್ಡದಾಗಬೇಕು. ಕಡ್ಡಿಯಲ್ಲಿ ಬರೆದದ್ದಕ್ಕೆ ಒಂದು ಇಂಚು, ಒಂದು ಇಂಚಿನಲ್ಲಿ ಬರೆದದ್ದಕ್ಕೆ ಎರಡು ಇಂಚು. ಮೊದಲು ಹಾಳೆಯ ಮೇಲೆ ಕಲೆ ಚೆಲ್ಲಿ ಒಣಗಿಸಿ. ಆ ಕಲೆಗೆ ಹೊಂದಿಕೊಂಡು, ನೆನಪಿನಲ್ಲಿ ಉಳಿದ ಚಿಕ್ಕ ಚಿತ್ರವನ್ನು ಹೊಸದಾಗಿ ಕಟ್ಟಿ. ಎರಡೂ ಜಗಳ ಮಾಡಿದರೆ ಕಲೆಯ ಮಾತು ಕೇಳಿ.

ಚಿತ್ರದ ಮುಕ್ಕಾಲು ಪಾಲು ನಿಂತ ಮೇಲೆ, ಬೇರೆ ಕೋಣೆಯಲ್ಲಿಟ್ಟ ಡಬ್ಬ ತೆರೆಯಿರಿ. ಸಣ್ಣ ಕುಂಚ, ಶೇಡಿಂಗ್, ಅಂಗರಚನೆಯ ಜ್ಞಾನ, ಎಲ್ಲಕ್ಕೂ ಈಗ ಪ್ರವೇಶ, ಆದರೆ ಚಿತ್ರದ ಒಂದೇ ಜಾಗದಲ್ಲಿ. ಒಂದು ಕೈ, ಒಂದು ಹೂಜಿ, ಒಂದು ಮೊಣಕಾಲು. ಅದನ್ನು ನಿಮ್ಮಿಂದ ಆದಷ್ಟು ನಿಖರವಾಗಿ ಬರೆಯಿರಿ. ಸುತ್ತಲಿನ ಮುಕ್ತ ಬಣ್ಣದ ನಡುವೆ ಆ ನಿಖರತೆಗೆ ತರಗತಿಯಲ್ಲಿ ಎಂದೂ ಸಿಗದ ಬಲ ಬರುತ್ತದೆ. ಎರಡನೇ ಜಾಗಕ್ಕೆ ಕೈ ಹೋಗುತ್ತದೆ, ಖಂಡಿತ ಹೋಗುತ್ತದೆ. ಅಲ್ಲಿ ನಿಲ್ಲಿಸಿ. ಎಲ್ಲ ಕಡೆ ಸಮನಾಗಿ ಮುಗಿಸಿದ ಚಿತ್ರದಲ್ಲಿ ಕಣ್ಣಿಗೆ ಹೋಗಲು ಜಾಗವಿರುವುದಿಲ್ಲ.

ದೊಡ್ಡ ಹಾಳೆ ಎಂಟಿದ್ದರೂ ಮುಗಿಯುವುದು ನಾಲ್ಕು. ಮಿಕ್ಕವು ಕೆಡಲಿಕ್ಕೆಂದೇ ಇರುವವು.

ಹೆಚ್ಚಾಗಿ ಕೆಡುವ ನಾಲ್ಕು ಕಡೆ

ಮಕ್ಕಳ ಚಿತ್ರದ ಅನುಕರಣೆ. ಬೇಕೆಂದೇ ಸೊಟ್ಟ ಮನೆ, ಕಡ್ಡಿ ಮನುಷ್ಯರು, ಮೂಲೆಯಲ್ಲಿ ಸೂರ್ಯ. ಮಗು ತನಗೆ ತಿಳಿದದ್ದನ್ನೆಲ್ಲ ಹಾಕಿ ಪೂರ್ತಿ ಮನಸ್ಸಿನಿಂದ ಬರೆಯುತ್ತದೆ; ತಿಳಿದದ್ದನ್ನು ಬಚ್ಚಿಟ್ಟು ಬರೆದ ದೊಡ್ಡವರ ಚಿತ್ರದಲ್ಲಿ ಆ ಬಚ್ಚಿಟ್ಟದ್ದೇ ಎದ್ದು ಕಾಣುತ್ತದೆ.

ಬೇಗ ತೋರಿಸುವುದು. ಆರನೇ ವಾರಕ್ಕಿಂತ ಮೊದಲು ಯಾರಿಗೂ, ಇನ್‌ಸ್ಟಾಗ್ರಾಮಿಗೂ, ತೋರಿಸಬೇಡಿ. ಹೊಗಳಿಕೆ ಬಂದ ಹಾಳೆಯನ್ನೇ ಕೈ ಮತ್ತೆ ಮತ್ತೆ ಮಾಡಲು ಹೊರಡುತ್ತದೆ, ಹುಡುಕಾಟ ಅಲ್ಲಿಗೆ ನಿಲ್ಲುತ್ತದೆ.

ಡ್ರಾಯಿಂಗ್ ಹೋಗಿಬಿಡುತ್ತದೆಂಬ ಭಯ. ಹೋಗುವುದಿಲ್ಲ. ಭಯ ಕೆಲಸಕ್ಕೆ ಅಡ್ಡ ಬರುತ್ತಿದ್ದರೆ ವಾರದ ಆರನೇ ದಿನ ಒಂದು ಗಂಟೆ ಎದುರಿಗಿರುವುದನ್ನು ನೋಡಿ ಶುದ್ಧ ಅಳತೆಯ ಡ್ರಾಯಿಂಗ್ ಮಾಡಿ. ಆ ಪುಸ್ತಕ ಬೇರೆ, ಜಾಗ ಬೇರೆ, ಪೆನ್ಸಿಲ್ ಬೇರೆ ಇರಲಿ. ಚಿತ್ರಕಾರ ಕೆ.ಕೆ. ಹೆಬ್ಬಾರರು ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಅಲ್ಲೇ ಕಲಿಸಿದವರು. ಅವರ ನೃತ್ಯದ ರೇಖಾಚಿತ್ರಗಳಲ್ಲಿ ಎರಡು ಮೂರು ಗೆರೆಗೆ ಇಡೀ ಮೈ ತಿರುಗುತ್ತದೆ. ಅಂಗರಚನೆ ಗೊತ್ತಿಲ್ಲದ ಕೈಗೆ ಆ ಗೆರೆ ಸಿಗುತ್ತಿರಲಿಲ್ಲ.

ನಾಲ್ಕನೇ ವಾರದ ಸುತ್ತ ಬರುವ ಬೇಸರ. ಹಾಳೆಗಳೆಲ್ಲ ಕಸದಂತೆ ಕಾಣುತ್ತವೆ, ಏಕೆಂದರೆ ಅಳೆಯುತ್ತಿರುವುದು ಇನ್ನೂ ಹಳೆಯ ಕೋಲಿನಿಂದ. ಆಗ ಸಂಖ್ಯೆ ಕಡಿಮೆ ಮಾಡಬೇಡಿ, ಹಾಳೆಯ ಅಳತೆ ಕಡಿಮೆ ಮಾಡಿ. ಅಂಗೈಯಗಲದ ಚೂರುಗಳಲ್ಲಿ ಮೂರು ದಿನ ಕೆಲಸ ಮಾಡಿ ಮತ್ತೆ ದೊಡ್ಡದಕ್ಕೆ ಬನ್ನಿ.

ಹನ್ನೆರಡನೇ ವಾರದ ಕೊನೆಯ ದಿನ ಆ ಹತ್ತು ಪದ ಮತ್ತೆ ಬರೆಯಿರಿ: ಎತ್ತಿನಿಂದ ಜ್ವರದವರೆಗೆ, ಮೂರು ಮೂರು ನಿಮಿಷ, ಈ ಸಲ ಬ್ರಷ್ಷಿನಲ್ಲಿ. ಹಳೆಯ ಹತ್ತರ ಪಕ್ಕ ಇಟ್ಟು ಗೋಡೆಯ ಚೀಟಿಯಲ್ಲಿದ್ದ ಮೂರು ಅಭ್ಯಾಸಗಳನ್ನು ಎಣಿಸಿ. ಏಳು ಹಾಳೆಯಲ್ಲಿದ್ದದ್ದು ಮೂರಕ್ಕೆ ಇಳಿದಿದ್ದರೆ ಚೀಟಿ ಹರಿದು ಮುಂದಿನ ಮೂರು ಅಭ್ಯಾಸ ಬರೆದುಕೊಳ್ಳಿ, ಮೂರನೇ ವಾರದ ಕಲೆಯಿಂದ ಮತ್ತೆ ಶುರುಮಾಡಿ. ಇಳಿಯದಿದ್ದರೆ ಅದೇ ಚೀಟಿ ಇರಲಿ, ತೋಳಿನ ಗೆರೆಯಿಂದ ಶುರುಮಾಡಿ. ‘ಜ್ವರ’ದ ಹೊಸ ಹಾಳೆಯಲ್ಲಿ ಹಾಸಿಗೆ ಇಲ್ಲದಿದ್ದರೆ ಅದನ್ನು ಮಾತ್ರ ಗೋಡೆಯ ಮೇಲೇ ಬಿಡಿ.